ಬುಟ್ಟಿಯಲ್ಲಿ ಉಳಿಯದ ಚಪ್ಪಲಿ

ಕ್ಯಾಪ್ಟನ್‌ಗೆ ತನ್ನ ಚಪ್ಪಲಿ ಬುಟ್ಟಿಯ ಮೇಲಿದ್ದ ನಂಬಿಕೆ ದೇವರ ಮೇಲೂ ಇರಲಿಲ್ಲ. ಕ್ಯಾಪ್ಟನ್ ಎನ್ನುವುದು ದೋಣಿ ಕಟ್ಟೆಯ, ಅಂದರೆ ಜೆಟ್ಟಿಯ, ಜನ ತಮಾಷೆಗೆ ಇಟ್ಟ ಹೆಸರು. ಅವನಿಗಿದ್ದದ್ದು ಹಡಗೇನಲ್ಲ, ತಗಡಿನ ಚಾವಣಿ ಹೊದಿಸಿದ ಒಂದು ಮೋಟಾರು ದೋಣಿ. ಆದರೂ ತಮಾಷೆಯ ಹೆಸರು ಮೈಗೆ ಅಂಟಿಕೊಂಡು, ಈಗ ಹೆಂಡತಿ ಕೂಡ ಸಿಟ್ಟು ಬಂದಾಗ ಅವನನ್ನು ಹಾಗೇ ಕರೆಯುತ್ತಿದ್ದಳು.

ಹೊಳೆ ಸಮುದ್ರ ಸೇರುವಲ್ಲಿ, ದಡದಿಂದ ಸಾಕಷ್ಟು ದೂರದಲ್ಲಿ, ಒಂದು ಮರಳುದಿಬ್ಬವಿದೆ. ಇದೆ ಎನ್ನುವುದೂ ಪೂರ್ತಿ ನಿಜವಲ್ಲ. ನೀರು ಇಳಿದಾಗ ಇರುತ್ತದೆ, ಉಬ್ಬರ ಬಂದಾಗ ಇರುವುದಿಲ್ಲ. ಭೂಮಿಯ ಆ ತುದಿಯ ಹಿಮದ ನಾಡುಗಳಿಂದ ಹಗಲೂ ರಾತ್ರಿ ಹಾರಿ ಬರುವ ಹಕ್ಕಿಗಳು ಮೊದಲು ಕಾಲೂರುವುದು ಆ ದಿಬ್ಬದ ಮೇಲೆ. ಸೋತು ಸುಣ್ಣವಾಗಿ ಇಳಿದು, ಮರಳೊಳಗಿನ ಹುಳ ಹೆಕ್ಕಿ ತಿಂದು, ಒಂದು ಕಾಲ ಮೇಲೆ ನಿಂತು ನಿದ್ದೆ ಹೊಡೆಯುತ್ತವೆ. ಅವುಗಳನ್ನು ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಅವರನ್ನು ಕರೆದುಕೊಂಡು ಹೋಗಿ, ತೋರಿಸಿ, ನೀರು ಏರುವ ಮೊದಲು ವಾಪಸ್ಸು ತರುವುದು ಕ್ಯಾಪ್ಟನ್ನನ ಕೆಲಸ.

ಚಪ್ಪಲಿಯ ಚಟಪಟ ಸದ್ದಿಗೆ ಹಕ್ಕಿಗಳು ಬೆದರಿ ಏಳುತ್ತವೆಂದು ದಿಬ್ಬದ ಮೇಲೆ ಎಲ್ಲರೂ ಬರಿಗಾಲಲ್ಲೇ ನಡೆಯಬೇಕು. ದೋಣಿಯಿಂದ ಇಳಿಯುವಾಗ ಚಪ್ಪಲಿ ಬೆತ್ತದ ಬುಟ್ಟಿಗೆ ಹಾಕುವುದು, ಹತ್ತುವಾಗ ತೆಗೆದುಕೊಳ್ಳುವುದು. ಬುಟ್ಟಿಯಲ್ಲಿ ಒಂದು ಜೊತೆ ಉಳಿದರೂ ಯಾರೋ ಇನ್ನೂ ಬಂದಿಲ್ಲವೆಂದೇ ಅರ್ಥ. ಖಾಲಿಯಾದರೆ ಹೊರಡಬಹುದು. ಜನ ಒಂದು ಕಡೆ ನಿಲ್ಲುವುದಿಲ್ಲ, ಫೋಟೋ ಎಂದು ಅಲ್ಲಿಗೆ, ಕಪ್ಪೆಚಿಪ್ಪು ಎಂದು ಇಲ್ಲಿಗೆ ಓಡಾಡುತ್ತಲೇ ಇರುತ್ತಾರೆ, ಅವರನ್ನು ಎಣಿಸಿ ಪೂರೈಸುವುದಿಲ್ಲ. ಚಪ್ಪಲಿ ಹಾಗಲ್ಲ, ಇಟ್ಟಲ್ಲೇ ಇರುತ್ತದೆ. ಈ ಉಪಾಯ ತನ್ನದೇ ತಲೆಯಿಂದ ಹೊರಟಿದ್ದೆಂದು ಅವನಿಗೆ ಕೊಂಚ ಜಂಬವೂ ಇತ್ತು.

ಜಂಬಕ್ಕೆ ಸೂಜಿ ಚುಚ್ಚುವವರು ಒಬ್ಬರೇ, ಅವನ ಅತ್ತೆ.

ಅತ್ತೆ ಇಡೀ ಆಯುಷ್ಯ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ನೀರಿನ ಮೇಲೆ ದುಡಿಯುವವನಿಗೆ ಮಗಳನ್ನು ಕೊಡುವುದಿಲ್ಲ ಎಂದು ಹಟ ಹಿಡಿದಿದ್ದರು. ಮಗಳ ಹಟ ಇನ್ನೂ ದೊಡ್ಡದಾಗಿತ್ತು. ಅಂದಿನಿಂದ ಅತ್ತೆ ಅಳಿಯನ ಜೊತೆ ನೇರವಾಗಿ ಮಾತಾಡಿದ್ದಿಲ್ಲ. ಅವನು ಎದುರಿಗೇ ಕೂತಿದ್ದರೂ "ನಿನ್ನ ಗಂಡನಿಗೆ ಹೇಳು" ಎಂದು ಮಗಳಿಗೆ ಹೇಳುವುದು. ಅವನೂ ಕಡಿಮೆಯೇನಲ್ಲ, "ನಿಮ್ಮಮ್ಮನಿಗೆ ಹೇಳು" ಎಂದು ಉತ್ತರ ಕಳಿಸುತ್ತಿದ್ದ. ಜೆಟ್ಟಿಯಲ್ಲಿ ಟಿಕೆಟ್ ಕೊಡುವ ಅವನ ಹೆಂಡತಿ ಮನೆಯಲ್ಲಿ ಇಬ್ಬರ ನಡುವಿನ ಅಂಚೆ ಪೆಟ್ಟಿಗೆಯಾಗಿದ್ದಳು.

ಆ ದಿನ ಅದೇನು ಮನಸ್ಸಾಯಿತೋ, ಅತ್ತೆ ದೋಣಿ ಹತ್ತಲು ಬಂದುಬಿಟ್ಟರು. ಹೊಸ ಚಪ್ಪಲಿ, ಹೆಗಲಿಗೆ ಕಂಡಕ್ಟರ್ ಕಾಲದ ಚರ್ಮದ ಚೀಲ. ಫೋನನ್ನು ಚಾರ್ಜಿಗಿಡೆಂದು ಮಗಳ ಕೈಗೆ ಕೊಟ್ಟು, ಅವನಿಗೆ ಕೇಳಿಸುವಂತೆಯೇ ಕೊಂಕು ತೆಗೆದರು.

"ನಾನು ಬಸ್ಸಲ್ಲಿ ತಲೆ ಎಣಿಸ್ತಿದ್ದೆ. ನಿನ್ನ ಗಂಡ ಕಾಲು ಎಣಿಸ್ತಾನಂತೆ, ಹೌದೇನೇ?"

"ನಿಮ್ಮಮ್ಮನಿಗೆ ಹೇಳು, ಇವತ್ತಿನವರೆಗೂ ಒಬ್ಬರನ್ನೂ ಬಿಟ್ಟು ಬಂದಿಲ್ಲ ಅಂತ."

"ಬಿಡೋ ದಿನ ಬರೋವರೆಗೂ ಎಲ್ಲರೂ ಹಾಗೇ ಹೇಳೋದು."

"ಅಮ್ಮಾ, ಸುಮ್ನೆ ಹತ್ತಮ್ಮ!" ಎಂದಳು ಮಗಳು.

ಅತ್ತೆ ಹತ್ತಿ ಹಿಂದಿನ ಮೂಲೆಯಲ್ಲಿ ಕೂತರು. ಕೊಟ್ಟ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟನ್ನು ಮೂಗು ಮುರಿಯುತ್ತಲೇ ಹಾಕಿಕೊಂಡರು. ಅವರ ಕಡೆ ತಿರುಗಿಯೂ ನೋಡಬಾರದೆಂದು ಕ್ಯಾಪ್ಟನ್ ಅಲ್ಲೇ ತೀರ್ಮಾನಿಸಿದ.

ದಾರಿಯುದ್ದಕ್ಕೂ ಅವನ ವಿವರಣೆ ಎಂದಿನಂತೆ ನಡೆಯಿತು. ಹಕ್ಕಿಗಳು ಹೊರಡುವ ಮೊದಲು ಹೇಗೆ ಕೊಬ್ಬು ಬೆಳೆಸಿಕೊಳ್ಳುತ್ತವೆ, ದಾರಿ ಹೇಗೆ ಹಿಡಿಯುತ್ತವೆ, ಎಲ್ಲ ಹೇಳಿದ.

"ನೀರು ಏರೋವಾಗ ಅವುಗಳನ್ನ ನೋಡಬೇಕು ನೀವು. ಹಿಂದೆ ಹಿಂದೆ ಸರಿದು ಒಂದು ಕಡೆ ಗುಂಪಾಗಿ ನಿಲ್ತವೆ. ಅವು ನಿಂತಿದ್ದೇ ದಿಬ್ಬದ ನೆತ್ತಿ. ನೀರು ಕಟ್ಟಕಡೆಗೆ ಬರೋದು ಅಲ್ಲಿಗೇ."

ಜನ ಆಹಾ ಎಂದರು. ಅತ್ತೆ ಮಾತ್ರ ಗದ್ದ ತಿರುಗಿಸಿ ನೀರು ನೋಡುತ್ತಿದ್ದರು. ಕೇಳಿಸಿಕೊಳ್ಳದಿದ್ದರೆ ಇವರಿಗೇ ನಷ್ಟ ಎಂದುಕೊಂಡ.

ದಿಬ್ಬದಲ್ಲಿ ಎಲ್ಲರೂ ಇಳಿದರು. ಸೆಕೆ ಎಂದು ಜಾಕೆಟ್ಟು ಬಿಚ್ಚಿ ಸೀಟಿನ ಬೆನ್ನಿಗೆ ಹಾಕಿದ್ದರು, ಅದಕ್ಕೆ ಅವನ ಅಡ್ಡಿಯಿಲ್ಲ. ಹಕ್ಕಿಗಳು ಸಾಲುಗಟ್ಟಿ ನಿಂತಿದ್ದವು. ಜನ ಮಾತು ನಿಲ್ಲಿಸಿ ಪಿಸುಗುಟ್ಟತೊಡಗಿದರು. ಆಮೇಲೆ ಅಂಚಿನ ಗುಳಿಗಳಲ್ಲಿ ನೀರು ಸದ್ದಿಲ್ಲದೆ ತುಂಬತೊಡಗಿದ್ದನ್ನು ಕಂಡು ಅವನು ಸೀಟಿ ಊದಿದ.

ಒಬ್ಬೊಬ್ಬರೇ ಬಂದು ಚಪ್ಪಲಿ ಹೆಕ್ಕಿಕೊಂಡು ಹತ್ತಿದರು. ಬುಟ್ಟಿ ಖಾಲಿಯಾಯಿತು. ಕಣ್ಣಂಚಿನಲ್ಲಿ ಹಿಂದಿನ ಮೂಲೆಯ ಕಿತ್ತಳೆ ಬಣ್ಣವೂ ಕಂಡಿತು. ಅಷ್ಟು ಸಾಕಿತ್ತು ಅವನಿಗೆ. ಹಗ್ಗ ಬಿಚ್ಚಿ ಇಂಜಿನ್ ಚಾಲೂ ಮಾಡಿದ.

ಸ್ವಲ್ಪ ದೂರ ಬಂದಿರಬೇಕು, ಹಿಂದಿನಿಂದ ಒಂದು ಕೂಗು ಕೇಳಿಸಿತು. ಸಣ್ಣಗೆ, ಎಳೆದಂತೆ, ಗಾಳಿಯಲ್ಲಿ ಮುರಿದು ಮುರಿದು. ಕ್ಯಾಮೆರಾ ಹಿಡಿದಿದ್ದ ಹೆಂಗಸು ಹಿಂದೆ ತಿರುಗಿದಳು. ಇಳಿಯುವ ಸೂರ್ಯನ ಬೆಳಕು ನೀರಿನ ಮೇಲೆ ಬಿದ್ದು ಆ ಕಡೆ ಕಣ್ಣು ಬಿಡಲಾಗುತ್ತಿರಲಿಲ್ಲ.

"ಅದ್ಯಾವ ಹಕ್ಕಿ ಕೂಗ್ತಿರೋದು?"

"ಬಾಗುಕೊಕ್ಕು ಮೇಡಂ," ಎಂದ ಕ್ಯಾಪ್ಟನ್, ತಿರುಗದೆಯೇ. "ಗುಂಪಿಂದ ಬೇರೆ ಆದ್ರೆ ಹೀಗೆ ಕೂಗುತ್ತೆ. ಕೇಳಿ, ಎಷ್ಟು ಸಂಕಟ ಇದೆ ನೋಡಿ ಆ ದನೀಲಿ!"

ದೋಣಿಯವರೆಲ್ಲ ಸುಮ್ಮನಾಗಿ ಕೇಳಿದರು. ಮುದುಕರೊಬ್ಬರು ಪಾಪ ಎಂದು ಲೊಚಗುಟ್ಟಿದರು. ಕೂಗು ಮತ್ತೊಮ್ಮೆ ಬಂತು, ಇಂಜಿನ್ನಿನ ಸದ್ದಿನಲ್ಲಿ ಮುಳುಗಿತು. ಉಳಿದ ದಾರಿ ಕ್ಯಾಪ್ಟನ್‌ಗೆ ಆರಾಮಾಗಿತ್ತು. ಅತ್ತೆ ಇವತ್ತು ಒಂದೂ ಕೊಂಕು ಮಾತಾಡಲಿಲ್ಲ, ಹಕ್ಕಿ ನೋಡಿ ಬಾಯಿ ಕಟ್ಟಿಹೋಗಿರಬೇಕು ಎಂದು ಒಳಗೊಳಗೇ ನಕ್ಕ.

ಜೆಟ್ಟಿಯಲ್ಲಿ ಎಲ್ಲರೂ ಇಳಿದು ಹೊರಟರು. ಹೆಂಡತಿ ಟಿಕೆಟ್ ಕಟ್ಟೆಯಿಂದ ಎದ್ದು ಬಂದಳು.

"ಅಮ್ಮ ಎಲ್ಲಿ ರೀ?"

"ಹಿಂದಿದ್ದಾರಲ್ಲ, ಇಳೀತಾರೆ," ಎಂದು ಹಗ್ಗ ಸುತ್ತುತ್ತಲೇ ಕೈ ತೋರಿಸಿದ.

ಹೆಂಡತಿ ಬಗ್ಗಿ ನೋಡಿದಳು. ಅವಳ ಮುಖ ನೋಡಿ ಅವನೂ ತಿರುಗಿದ. ಹಿಂದಿನ ಮೂಲೆಯ ಸೀಟಿನ ಬೆನ್ನಿಗೆ ಒಂದು ಕಿತ್ತಳೆ ಜಾಕೆಟ್ಟು ನೇತುಬಿದ್ದಿತ್ತು. ಅದರೊಳಗೆ ಯಾರೂ ಇರಲಿಲ್ಲ.

ಅವನು ಮೊದಲು ಬುಟ್ಟಿ ನೋಡಿದ. ಖಾಲಿ. ಬಗ್ಗಿ ಒಳಗೆ ಕೈಯಾಡಿಸಿದ, ಖಾಲಿ ಬುಟ್ಟಿಯಲ್ಲಿ ಅತ್ತೆ ಸಿಗುತ್ತಾರೇನೋ ಎಂಬಂತೆ. "ಬುಟ್ಟಿ ಖಾಲಿ ಇದೆ ಕಣೇ," ಎಂದ. "ಎಲ್ಲರೂ ತಗೊಂಡ್ರು. ಏನೂ ಉಳಿದಿರಲಿಲ್ಲ. ಆಣೆಗೂ ಖಾಲಿ ಇತ್ತು."

"ಬುಟ್ಟಿ ಮನೆ ಹಾಳಾಗ! ನಮ್ಮಮ್ಮ ಎಲ್ಲಿ?"

ಆಗ ಅವನಿಗೆ ಆ ಕೂಗು ನೆನಪಾಯಿತು.

ಬಾಗುಕೊಕ್ಕು ಗಂಟಲ ಬುಡದಿಂದ ಕೂಗುತ್ತದೆ, ಕೊನೆಯಲ್ಲಿ ದನಿ ಮೇಲೇರುತ್ತದೆ. ಇದು ಮೇಲೇರಿರಲಿಲ್ಲ. ಇಷ್ಟು ವರ್ಷ ಕೇಳಿದ ಕಿವಿ, ಅದಕ್ಕೆ ಆಗಲೇ ಗೊತ್ತಾಗಬೇಕಿತ್ತು. ಬಾಯಿ ಮುಂದಾಗಿ ಹಕ್ಕಿ ಎಂದುಬಿಟ್ಟಿತ್ತು. ಅತ್ತೆ ಕೂಗಿದ್ದರು, ಇವನು ಅದನ್ನು ಹಕ್ಕಿಯ ಸಂಕಟವೆಂದು ಜನಕ್ಕೆ ಕೇಳಿಸಿದ್ದ. ಇದನ್ನು ಹೇಳಲು ಹೆಂಡತಿಯ ಕಡೆ ತಿರುಗಿದ.

ಅವಳು ಆಗಲೇ ದೋಣಿಗೆ ಹಾರಿದ್ದಳು.

ಇಂಜಿನ್ ಅಷ್ಟು ನಿಧಾನವೆಂದು ಅವನಿಗೆ ಯಾವತ್ತೂ ಅನ್ನಿಸಿರಲಿಲ್ಲ. ಉಬ್ಬರದ ನೀರು ಎದುರಿಗೆ ನುಗ್ಗಿ ಬರುತ್ತಿತ್ತು. ಹೆಂಡತಿ ದೋಣಿಯ ಮೂತಿಯಲ್ಲಿ ನಿಂತು ಅಂಚನ್ನು ಬಿಗಿಯಾಗಿ ಹಿಡಿದಿದ್ದಳು. ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಅಮ್ಮನಿಗೆ ಈಜು ಬರಲ್ಲ," ಎಂದಳು ಒಮ್ಮೆ. ಅದು ಅವನಿಗೂ ಗೊತ್ತಿತ್ತು.

ದಿಬ್ಬವಿದ್ದಲ್ಲಿ ದಿಬ್ಬವಿರಲಿಲ್ಲ. ಅವನೇ ನೆಟ್ಟ, ದೋಣಿ ಕಟ್ಟುವ ಗೂಟದ ತುದಿ ಮಾತ್ರ ಅಲುಗುತ್ತಿತ್ತು. ಗೂಟವನ್ನು ಯಾರೂ ಹಿಡಿದಿರಲಿಲ್ಲ. ಎಲ್ಲ ಕಡೆಯೂ ಒಂದೇ ಸಮ ನೀರು, ಆ ನೀರಿನ ಮೇಲೆ ಸಂಜೆಯ ಬೆಳಕು, ಏನೂ ಆಗಿಲ್ಲವೆನ್ನುವಷ್ಟು ಚೆಂದ. ಇದೇ ಬೆಳಕನ್ನು ತೋರಿಸಿ ಅವನು ಅನ್ನ ತಿನ್ನುತ್ತಿದ್ದ.

"ಅಮ್ಮಾ!" ಎಂದು ಹೆಂಡತಿ ಚೀರಿದಳು. "ಅತ್ತೇ!" ಎಂದು ಅವನೂ ಕೂಗಿದ. ಮದುವೆಯಾದ ಮೇಲೆ ಅವನು ಅವರನ್ನು ಅತ್ತೆ ಎಂದು ಕರೆದದ್ದು ಅದೇ ಮೊದಲು.

ಉತ್ತರ ಬರಲಿಲ್ಲ. ಅವನು ಇಂಜಿನ್ ನಿಲ್ಲಿಸಿದ. ಆಗ ದೂರದಲ್ಲಿ, ನೀರಿನ ಮೇಲೆ, ಕಪ್ಪಗೆ ಒಂದು ತೇಪೆ ಕಂಡಿತು. ಹಕ್ಕಿಗಳು. ಉದ್ದ ಕಾಲಿನವು ಮಾತ್ರ ಉಳಿದಿದ್ದವು, ನೀರಿನ ಮೇಲೇ ನಿಂತಂತೆ ಒತ್ತೊತ್ತಾಗಿ ನಿಂತಿದ್ದವು. ಅವುಗಳ ನಡುವೆ ಒಂದು ಆಕಾರ ಅವೆಲ್ಲಕ್ಕಿಂತ ಎತ್ತರವಾಗಿತ್ತು.

ದೋಣಿ ಹತ್ತಿರ ಬರುತ್ತಲೇ ಹಕ್ಕಿಗಳು ಒಮ್ಮೆಗೇ ಎದ್ದವು. ಅತ್ತೆ ಒಬ್ಬರೇ ಉಳಿದರು. ನೀರು ಮೀನಖಂಡದವರೆಗೆ ಬಂದಿತ್ತು, ಕಾಲ ಕೆಳಗಿನ ಮರಳು ಜಾರುತ್ತಿದ್ದುದರಿಂದ ಅವರು ಕಾಲು ಅಗಲಿಸಿ, ತಿರುವಿನಲ್ಲಿ ವಾಲುವ ಬಸ್ಸಿನಲ್ಲಿ ಆತುಕೊಳ್ಳದೆ ನಿಲ್ಲುವಂತೆ ನಿಂತಿದ್ದರು. ಎದೆಗೆ ಚರ್ಮದ ಚೀಲ ಅವಚಿಕೊಂಡಿದ್ದರು.

ಇಬ್ಬರೂ ಸೇರಿ ಎಳೆದು ಹತ್ತಿಸಿದರು. ಮಗಳು ಅವರನ್ನು ತಬ್ಬಿ, ಆಗ ಅತ್ತಳು. ಅತ್ತೆ ನಡುಗುತ್ತಿದ್ದರು. ಕ್ಯಾಪ್ಟನ್ ತನ್ನ ಅಂಗಿ ಬಿಚ್ಚಿ ಹೊದಿಸಿದ, ಅವರು ಬೇಡವೆನ್ನಲಿಲ್ಲ.

"ಅಲ್ಲಿಗೇ ಹೋಗಿ ನಿಲ್ಲಬೇಕು ಅಂತ ಹೇಗೆ ಗೊತ್ತಾಯ್ತಮ್ಮ?"

ಅತ್ತೆ ಮಗಳಿಗೆ ಉತ್ತರ ಕೊಡಲಿಲ್ಲ. ಅಳಿಯನನ್ನು ನೇರವಾಗಿ ನೋಡಿದರು.

"ನೀವೇ ಹೇಳಿದ್ರಲ್ಲ. ಹಕ್ಕಿ ನಿಂತಿದ್ದೇ ನೆತ್ತಿ ಅಂತ."

ಅವನು ಖಾಲಿ ಬುಟ್ಟಿಯತ್ತ ಕೈ ತೋರಿಸಿದ. "ಚಪ್ಪಲಿ..." ಎಂದ. "ಬುಟ್ಟಿಯಲ್ಲಿ ನಿಮ್ಮ ಚಪ್ಪಲಿ..."

ಅತ್ತೆ ಚೀಲದ ಬಾಯಿ ತೆರೆದರು. ಒಳಗೆ ಹೊಸ ಚಪ್ಪಲಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಒಂದು ಹನಿಯೂ ತಾಗದಂತೆ ಇತ್ತು.

"ಬೇಕು ಅಂತಲೇ ಹಾಕಲಿಲ್ಲ ಬುಟ್ಟಿಗೆ," ಎಂದರು. ದನಿ ಬಿದ್ದುಹೋಗಿತ್ತು. "ನಿಮ್ಮ ಲೆಕ್ಕ ತಪ್ಪಿಸೋಣ ಅಂತ. ಸೀಟಿ ಊದಿದಾಗ ದಿಬ್ಬದ ಆ ಕಡೆ ಇಳಿಜಾರಲ್ಲಿ, ಯಾರಿಗೂ ಕಾಣದ ಹಾಗೆ ಸುಮ್ನೆ ಕೂತೆ. ಬುಟ್ಟಿ ಖಾಲಿ ಆದ್ರೂ ಅತ್ತೆ ಇಲ್ಲವಲ್ಲ ಅಂತ ಹುಡುಕ್ತಾ ಬರ್ತೀರಿ, ಎಲ್ಲರ ಎದುರಿಗೆ ನಿಮ್ಮನ್ನ ನೋಡಿ ನಗೋಣ ಅಂದ್ಕೊಂಡೆ." ಚೀಲದ ಬಾಯಿ ಮುಚ್ಚಿದರು. "ನಾನಿಲ್ಲ ಅಂತ ನಿಮಗೆ ಗೊತ್ತೇ ಆಗಲ್ಲ ಅಂತ ಹೊಳೀಲೇ ಇಲ್ಲ."

ಹೆಂಡತಿ ಅಮ್ಮನನ್ನೂ ಗಂಡನನ್ನೂ ನೋಡಿದಳು, ಬಾಯಿಗೆ ಕೈ ಅಡ್ಡ ಹಿಡಿದಳು. ಇಂಥ ಎರಡು ಜೀವಗಳ ನಡುವೆ ಇಷ್ಟು ವರ್ಷ ಸಂಸಾರ ಮಾಡಿದ್ದನ್ನು ನೆನೆದೇ ಅವಳಿಗೆ ಆಗ ಭಯವಾಗಿರಬೇಕು.

ಅಷ್ಟಕ್ಕೇ ಅವನು ಸುಮ್ಮನಿದ್ದರೆ ತಪ್ಪು ಅರ್ಧ ಅತ್ತೆಯದು, ಅರ್ಧ ಅಳಿಯನದು ಎಂದಾಗುತ್ತಿತ್ತು. ಅದು ಕ್ಯಾಪ್ಟನ್‌ಗೂ ಹೊಳೆಯಿತು. ಆದರೆ ಆ ಕೂಗಿನ ಮಾತನ್ನು ಬಚ್ಚಿಟ್ಟುಕೊಳ್ಳಲು ಅವನಿಂದಾಗಲಿಲ್ಲ.

"ನೀವು ಕೂಗಿದ್ದು ಕೇಳಿಸ್ತು ಅತ್ತೆ," ಎಂದ. "ಎರಡು ಸಲ. ಹಕ್ಕಿ ಅಂದೆ ನಾನು. ಜನಕ್ಕೆಲ್ಲ ಕೇಳಿ ಕೇಳಿ ಅಂದೆ."

ಅತ್ತೆ ಹೊದ್ದ ಅಂಗಿಯನ್ನು ಬಿಗಿಯಾಗಿ ಎಳೆದುಕೊಂಡರು. ದೋಣಿ ನೀರಿನ ಸೆಳೆತಕ್ಕೆ ಸುಮ್ಮನೆ ತಿರುಗುತ್ತಿತ್ತು.

"ಎರಡಲ್ಲ," ಎಂದರು ಕಡೆಗೆ. "ದೋಣಿ ಕಣ್ಣಿಂದ ಮರೆಯಾಗೋವರೆಗೂ ಕೂಗ್ತಾನೇ ಇದ್ದೆ."

ಅವನು ಇಂಜಿನ್ ಚಾಲೂ ಮಾಡಿದ. ದಡದ ದೀಪಗಳು ಇನ್ನೂ ಹೊತ್ತಿರಲಿಲ್ಲ. ಅರ್ಧ ದಾರಿಗೆ ಬಂದಿರಬೇಕು, ಹಿಂದಿನಿಂದ, ಖಾಲಿ ನೀರಿನ ಕಡೆಯಿಂದ, ಒಂದು ಕೂಗು ಬಂತು. ಗಂಟಲ ಬುಡದಿಂದ ಎದ್ದು, ಕೊನೆಯಲ್ಲಿ ಮೇಲೇರಿತು.

ಕ್ಯಾಪ್ಟನ್ ದೋಣಿಯ ಮೂತಿಯನ್ನು ಆ ಕಡೆಗೆ ತಿರುಗಿಸಿ, ಇಂಜಿನ್ ನಿಲ್ಲಿಸಿದ.

"ಅದು ಹಕ್ಕೀನೇ," ಎಂದರು ಅತ್ತೆ, ಮೆತ್ತಗೆ.

"ಗೊತ್ತು ಅತ್ತೆ," ಎಂದ ಅವನು. ಆದರೂ ಎದ್ದು ನಿಂತು, ಹಣೆಗೆ ಕೈ ಅಡ್ಡ ಹಿಡಿದು, ಕತ್ತಲಾಗುವವರೆಗೂ ಆ ನೀರನ್ನೇ ನೋಡಿದ.