ಹಿಡಿಯಲು ನಿಂತವನು

ಎಳೆದ. ದರ್ಜಿ ಬೀಳಲಿಲ್ಲ.

ಒಂದೇ ಒಂದು ಹೆಜ್ಜೆ ಹಿಂದಕ್ಕಿಟ್ಟು ನಿಂತುಬಿಟ್ಟ. ಅವನನ್ನು ಹಿಡಿಯಲೆಂದು ಚಾಚಿದ ಡಾಕ್ಟರನ ಎರಡೂ ಕೈಗಳು ಪೆದ್ದುಪೆದ್ದಾಗಿ ಗಾಳಿಯಲ್ಲೇ ಉಳಿದವು. ಎದುರಿನ ಕುರ್ಚಿಯಲ್ಲಿದ್ದ ದರ್ಜಿಯ ಹೆಂಡತಿ, ಮಗು ಪಾಸಾದ ಹಾಗೆ ಚಪ್ಪಾಳೆ ತಟ್ಟಿದಳು.

ಎಂಟು ತಿಂಗಳ ಹಿಂದೆ ಇದೇ ಕೋಣೆಯಲ್ಲಿ ಈತ ಕಡಿದ ಮರದಂತೆ ಡಾಕ್ಟರನ ತೋಳಿಗೆ ಬಿದ್ದಿದ್ದ. ಪಾರ್ಕಿನ್ಸನ್ ರೋಗಕ್ಕೊಂದು ಹೊಸ ಮಾತ್ರೆ, ಅದರ ಪ್ರಯೋಗ. ತಿಂಗಳಿಗೊಮ್ಮೆ ರೋಗಿಯ ಹಿಂದೆ ನಿಂತು, ಭುಜ ಹಿಡಿದು ಜೋರಾಗಿ ಎಳೆಯಬೇಕು. ತಾನೇ ಸಾವರಿಸಿಕೊಂಡರೆ ಸೊನ್ನೆ. ಹಿಡಿಯದಿದ್ದರೆ ಬೀಳುವಂತಿದ್ದರೆ ಮೂರು. ಯಾರು ನುಂಗುವುದು ಅಸಲಿ ಮಾತ್ರೆ, ಯಾರದು ಬರೀ ಸಕ್ಕರೆ ಎಂಬುದು ಎಳೆಯುವವನಿಗೆ ಗೊತ್ತಿರಬಾರದು. ರೋಗಿಗಳ ಜೊತೆ ಹರಟೆಯೂ ಕೂಡದು. ಈ ಕೆಲಸಕ್ಕೆ ಈ ಮಿತಭಾಷಿ ಡಾಕ್ಟರನೇ ಸರಿ ಎಂದು ಆಸ್ಪತ್ರೆಯವರೆಲ್ಲ ಒಕ್ಕೊರಲಿನಿಂದ ಒಪ್ಪಿದ್ದರು.

ಮನೆಯಲ್ಲಿ ಅಣ್ಣ, ಅತ್ತಿಗೆ ಇದ್ದರು. ಇವನು ಬಂದದ್ದು, ಹೋದದ್ದು ಬಾಗಿಲಿಗೆ ಮಾತ್ರ ತಿಳಿಯುತ್ತಿತ್ತು.

"ನಲವತ್ತು ವರ್ಷ ಊರವರ ಬೆನ್ನು ಅಳೆದೆ ಡಾಕ್ಟ್ರೇ. ಈಗ ನೀವು ನನ್ನ ಬೆನ್ನು ನೋಡೋ ಹಾಗಾಯ್ತು," ಎಂದ ದರ್ಜಿ.

"ನಿಮ್ಮ ಉಪಕಾರ ಸಾಯೋವರೆಗೂ ಮರೆಯಲ್ಲ," ಎಂದಳು ಹೆಂಡತಿ.

ಪ್ರತಿ ತಿಂಗಳೂ ಇದೇ ಮಾತು. ಪ್ರತಿ ತಿಂಗಳೂ ಅವನು ಕೇಳಿಸದವನಂತೆ ಕಾಗದ ತಿರುವುತ್ತಿದ್ದ. ಸುಳ್ಳೇಕೆ, ಆ ಮಾತಿಗಾಗಿ ಅವನು ತಿಂಗಳಿಡೀ ಕಾಯುತ್ತಿದ್ದ.

ಸೊನ್ನೆ ಬರೆಯಲು ಬಗ್ಗಿದವನ ಪೆನ್ನು ನಿಂತಿತು. ಅಂಗಿಯ ಬಟ್ಟೆ ಬೆರಳಲ್ಲಿ ಬಿಗಿಯುವ ಮೊದಲೇ ದರ್ಜಿ ಹಿಂದಕ್ಕೆ ಬಂದಿರಲಿಲ್ಲವೇ?

"ಎಳೆಯೋಕೆ ಮುಂಚೇನೇ ಕಾಲು ಹಿಂದಕ್ಕೆ ಬಂತಲ್ಲ?"

"ಬಂತಾ?" ಎಂದ ದರ್ಜಿ.

"ಬಂತು."

"ವಯಸ್ಸಾಯ್ತು ನೋಡಿ. ಕಾಲು ಎಲ್ಲಿ ಹೇಳಿದ ಮಾತು ಕೇಳುತ್ತೆ."

ಹೆಂಡತಿ ಕೈಚೀಲದ ಹಿಡಿ ತಿರುಚತೊಡಗಿದಳು. "ಹೇಳಿಬಿಡಿ ರೀ. ಡಾಕ್ಟ್ರ ಹತ್ರ ಮುಚ್ಚಿಡೋದೇನು?"

ಕೊನೆಗೆ ಹೇಳಿದ್ದು ಅವಳೇ. "ದಿನಾ ಬೆಳಗ್ಗೆ ಮಂಚದ ಮುಂದೆ ನಿಲ್ಲಿಸಿ ನಾನೇ ಎಳೀತೀನಿ. ಇಪ್ಪತ್ತು ಸಲ. ಮೊದಮೊದಲು ಧೊಪ್ಪಂತ ಹಾಸಿಗೆ ಮೇಲೆ ಬೀಳೋರು. ಈಗ ಪಳಗಿದ್ದಾರೆ. ಹೋದ ವಾರ ಮಾತ್ರ ಒಂದ್ಸಲ ಕೈತಪ್ಪಿ, ಮಂಚದ ಅಂಚು ತಾಗಿ..."

"ಯಾವಾಗಿಂದ?"

"ಮೂರನೇ ತಿಂಗಳಿಂದ."

"ಯಾಕೆ?"

"ಅಯ್ಯೋ, ನೀವು ಇಷ್ಟು ಕಷ್ಟಪಡ್ತೀರಿ. ನಿಮ್ಮ ಮಾತ್ರೆಗೆ ಕೆಟ್ಟ ಹೆಸರು ಬರಬಾರದಲ್ಲ!"

ಮೂರನೇ ತಿಂಗಳಿಂದ. ಮೂರು ಎರಡಾಗಿ, ಎರಡು ಒಂದಾಗಿ ಇಳಿದದ್ದು ಮಾತ್ರೆಯಿಂದಲೋ, ಈ ಹೆಂಗಸಿನ ತೋಳಿನಿಂದಲೋ, ಇನ್ನು ಬ್ರಹ್ಮನೂ ಹೇಳಲಾರ. ತಾಲೀಮು ಮಾಡಿ ಬಂದ ರೋಗಿಯನ್ನು ಪ್ರಯೋಗದಿಂದ ಕೈಬಿಡಬೇಕೆಂಬುದು ನಿಯಮ. ವರದಿ ಮಾಡಿದರೆ ಇವರು ಮತ್ತೆ ಬರುವುದಿಲ್ಲ. ಮಾಡದಿದ್ದರೆ, ಮುಂದೆ ಈ ಮಾತ್ರೆ ನಂಬಿ ನಿಂತವರು ಬೀಳುತ್ತಾರೆ.

"ನಾನು ಯಾವಾಗ ಎಳೀತೀನಿ ಅಂತ ನಿಮಗೆ ಹೇಗೆ ಗೊತ್ತಾಗುತ್ತೆ?"

"ಅದಕ್ಕೆ ಮುಂಚೆ ನೀವೊಂದು ಉಸಿರು ತಗೋತೀರಿ. ಮೂಗಲ್ಲಿ ಸಣ್ಣಗೆ ಸೀಟಿ ಹೊಡೆದ ಹಾಗೆ. ಇವಳಿಗೂ ಕಲಿಸಿದ್ದೀನಿ. ಮಾಡಿ ತೋರಿಸೇ."

ಅವಳು ನಾಚಿಕೊಂಡು ಮಾಡಿ ತೋರಿಸಿದಳು.

ಎಲ್ಲೋ ದೂರದ ಒಂದು ಮನೆಯಲ್ಲಿ, ದಿನಾ ಬೆಳಗ್ಗೆ ಇಪ್ಪತ್ತು ಸಲ, ತಾನು ಉಸಿರಾಡುತ್ತಿದ್ದೇನೆ ಎಂಬುದು ಅವನಿಗೆ ಗೊತ್ತೇ ಇರಲಿಲ್ಲ. ಬೈಯಬೇಕಿತ್ತು. ಇವರಿಗೆ ತಾನು ಹೇಗೆ ಕೃತಜ್ಞತೆ ಹೇಳಬೇಕು ಎಂದು ಯೋಚಿಸುತ್ತಿದ್ದೇನೆಂದು ಹೊಳೆದು ಅವನಿಗೇ ದಿಗಿಲಾಯಿತು.

"ಇನ್ನೊಂದು ಸಲ ನೋಡೋಣ," ಎಂದ.

"ಬಿದ್ರೆ?" ಎಂದ ದರ್ಜಿ.

"ಹಿಡೀತೀನಿ."

"ಅದಲ್ಲ. ಬಿದ್ರೆ ಮುಂದಿನ ತಿಂಗಳು ಬರಬಹುದಾ?"

"ತಿರುಗಿ ನಿಂತ್ಕೊಳ್ಳಿ."

ಉಸಿರು ಬಿಗಿಹಿಡಿದ. ಎಳೆದ.

ದರ್ಜಿ ಇಡಿಯಾಗಿ ಬಂದ. ಕಾಲು ಒಂದಿಷ್ಟೂ ಅಲುಗಲಿಲ್ಲ. ತಲೆ, ಬೆನ್ನು, ಸೊಂಟ, ಎಪ್ಪತ್ತು ವರ್ಷಗಳೂ ಒಟ್ಟಿಗೆ ಅವನ ಎದೆಯ ಮೇಲೆ ಒರಗಿದವು.

"ನೀವಿದ್ರಲ್ಲ, ಅದಕ್ಕೇ ಭಯ ಆಗ್ಲಿಲ್ಲ," ಎಂದ ದರ್ಜಿ, ಅವನ ಗದ್ದದ ಕೆಳಗಿನಿಂದ. "ಥ್ಯಾಂಕ್ಸ್ ಡಾಕ್ಟ್ರೇ."

ಮೂರು. ಬರೆಯಬೇಕಾದ ಅಂಕಿ ಅದೇ. ಬರೆಯಲು ಇವನನ್ನು ನೆಟ್ಟಗೆ ನಿಲ್ಲಿಸಿ ಕೈ ಬಿಡಬೇಕು. ಆದರೆ ನಂಬಿ ಇಷ್ಟು ಭಾರವನ್ನು ಈವರೆಗೆ ಯಾರೂ ಅವನ ಮೇಲೆ ಹಾಕಿರಲಿಲ್ಲ. ಎದೆಯಲ್ಲಿ ಬೆಚ್ಚಗೆ ಏನೋ ತುಂಬಿ ಬಂತು. ನಾನೇ ನಿಮಗೆ ಥ್ಯಾಂಕ್ಸ್ ಹೇಳಬೇಕು ಎನ್ನಬೇಕೆನಿಸಿತು. ಅದರ ಬದಲು ಬಾಯ್ತುಂಬ ನಕ್ಕ.

ದರ್ಜಿಯ ಹೆಂಡತಿ ಎದ್ದು ಹತ್ತಿರ ಬಂದಳು. ಈ ರೋಗಕ್ಕೆ ಮುಖ ಮರಗಟ್ಟುತ್ತದೆ. ಒಳಗೆ ಎಷ್ಟು ನಕ್ಕರೂ ಹೊರಗೆ ಕಾಣುವುದಿಲ್ಲ. ಗಂಡನ ಮುಖ ಅವಳಿಗೆ ರೂಢಿಯಾಗಿತ್ತು. ಅವಳು ನೋಡುತ್ತಿದ್ದುದು ಅದರ ಮೇಲಿದ್ದ ಡಾಕ್ಟರನ ಮುಖವನ್ನು.

"ಡಾಕ್ಟ್ರೇ," ಎಂದಳು ಮೆಲ್ಲಗೆ, "ನಿಮಗೂ ಈ ಕಾಯಿಲೆ ಶುರುವಾಗಿದ್ಯಾ?"

ಅವನು ಇನ್ನೂ ನಗುತ್ತಲೇ ಇದ್ದ.