ನನ್ನ ಫೋನಿನಲ್ಲಿ ಕಾಣಬಾರದ ಕಾರು

"ಯಾವ ಕಾರು ಬೇಕಾದ್ರೂ ತಗೊಳ್ಳೋಣ ರೀ. ಆದ್ರೆ ಅದು ನಿಮ್ಮ ಫೋನಲ್ಲಿ ಕಾಣಬಾರದು, ಅಷ್ಟೇ" ಎಂದು ಹೇಳಿ ನನ್ನ ಹೆಂಡತಿ ಚಪ್ಪಲಿ ಮೆಟ್ಟಿಕೊಂಡು ಕೆಲಸಕ್ಕೆ ಹೊರಟುಹೋದಳು. ಬಾಯಲ್ಲಿ ಸಣ್ಣ ಮೊಳೆಗಳನ್ನು ಕಚ್ಚಿಕೊಂಡು ಕೂತಿದ್ದ ನನಗೆ ಯಾಕೆ ಎಂದು ಕೇಳಲೂ ಆಗಲಿಲ್ಲ. ಮೊಳೆ ಉಗುಳಿ ಎದ್ದು ಬರುವಷ್ಟರಲ್ಲಿ ಅವಳು ಬೀದಿ ದಾಟಿಯಾಗಿತ್ತು.

ನನ್ನ ಕಸುಬು ಕಾರಿನ ಸೀಟು ಹೊಲಿಯುವುದು. ಮನೆಯ ಮುಂದಿನ ಕೋಣೆಯೇ ಕಾರ್ಖಾನೆ. ನಲವತ್ತು ತರಹದ ಕಾರಿನ ಸೀಟುಗಳನ್ನು ಕಣ್ಣು ಮುಚ್ಚಿ ಬಿಚ್ಚಿ ಜೋಡಿಸಬಲ್ಲೆ, ಆದರೆ ಕಾರು ಓಡಿಸಲು ಬರುವುದಿಲ್ಲ. ನಗುವವರು ನಗಲಿ. ಓಡಿಸುವವಳು ಅವಳು. ಅವಳು ನರ್ಸು, ಆಸ್ಪತ್ರೆಯಲ್ಲಲ್ಲ, ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುತ್ತಾಳೆ. ಬೆನ್ನು ಹುಣ್ಣಾಗದಂತೆ ಮಗ್ಗುಲು ಬದಲಿಸುವುದು, ಗಾಯಕ್ಕೆ ಪಟ್ಟಿ ಕಟ್ಟುವುದು, ಸೂಜಿ ಚುಚ್ಚುವುದು. ಮನೆಗಳು ಊರಿನ ಈ ತುದಿಯಿಂದ ಆ ತುದಿಯವರೆಗೆ ಹರಡಿಕೊಂಡಿವೆ. ಕಾರಿಲ್ಲದಿದ್ದರೆ ಅವಳ ಕೆಲಸವೂ ಇಲ್ಲ.

ಹಳೆ ಕಾರು ಮಾತ್ರ ಇವತ್ತೋ ನಾಳೆಯೋ ಎನ್ನುವಂತಿತ್ತು. ಮೆಕ್ಯಾನಿಕ್ ಕೈ ಮುಗಿದುಬಿಟ್ಟಿದ್ದ. ಕಳೆದ ಚಳಿಗಾಲದಲ್ಲಿ ಒಂದು ಸಂಜೆ ಅದು ದಾರಿಯಲ್ಲೇ ನಿಂತುಹೋಗಿ, ಅವಳ ಫೋನಿನ ಚಾರ್ಜೂ ಮುಗಿದು, ನಾನು ಸ್ಕೂಟರಿನಲ್ಲಿ ಬೀದಿ ಬೀದಿ ಅಲೆದು ಅವಳನ್ನು ಹುಡುಕಿದ್ದೆ. ಆ ದಿನದ ಭಯ ಇನ್ನೂ ನನ್ನನ್ನು ಬಿಟ್ಟಿಲ್ಲ. ಹಾಗಾಗಿ, ಕರೆಂಟಿನ ಕಾರು ಎಲ್ಲಿದೆ ಎನ್ನುವುದು ಗಂಡನ ಫೋನಿನಲ್ಲೂ ಕಾಣುತ್ತದೆ ಎಂದು ಶೋರೂಮಿನವನು ಹೇಳಿದಾಗ, ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂದು ಕುಣಿದುಬಿಟ್ಟೆ.

ಆ ಶೋರೂಮಿನವನಿಗೆ ನಾನು ಅಪ್‌ಡೇಟಪ್ಪ ಎಂದು ಹೆಸರಿಟ್ಟಿದ್ದೆ. ಸೀಟಿನ ಫೋಮು ತೆಳುವಾಗಿದೆಯಲ್ಲಪ್ಪ ಎಂದರೂ "ಮುಂದಿನ ಅಪ್‌ಡೇಟಲ್ಲಿ ಸರಿ ಹೋಗುತ್ತೆ ಸಾರ್" ಎನ್ನುವ ಆಸಾಮಿ. ಎರಡು ಕಾರು ತೋರಿಸಿದ. ಎರಡಕ್ಕೂ ಹೆಚ್ಚುಕಡಿಮೆ ಒಂದೇ ಬೆಲೆ, ಒಂದು ಚಾರ್ಜಿಗೆ ಒಂದೇ ಓಟ. ವ್ಯತ್ಯಾಸವೆಲ್ಲ ಸಾಫ್ಟ್‌ವೇರಿನಲ್ಲಿ ಎಂದ. ಬಿಳಿ ಕಾರಿನ ಪರದೆ ಅಡುಗೆಮನೆಯ ಕಿಟಕಿಯಷ್ಟು ದೊಡ್ಡದು. ಎಲ್ಲಿ ಚಾರ್ಜ್ ಮಾಡಬೇಕು, ಅಲ್ಲಿ ಜಾಗ ಖಾಲಿ ಇದೆಯೋ ಇಲ್ಲವೋ, ಎಲ್ಲ ಹೇಳುತ್ತದೆ. ಆ್ಯಪಿನಿಂದ ಬಾಗಿಲು ತೆಗೆಯಬಹುದು, ಹಾರ್ನ್ ಹೊಡೆಯಬಹುದು. ಒಂದು ಬಟನ್ ಒತ್ತಿದರೆ ಕಾರು ನಿಂತ ಮೇಲೂ ತಣ್ಣನೆ ಗಾಳಿ ಬರುತ್ತಲೇ ಇರುತ್ತದೆ, ದೀಪ ಮಂದವಾಗುತ್ತದೆ, ಸೀಟು ತಾನಾಗಿ ಹಿಂದಕ್ಕೆ ಬಾಗುತ್ತದೆ. "ವಿಶ್ರಾಂತಿ ಮೋಡ್ ಮೇಡಂ" ಎಂದ. "ಮನೇಲಿ ಮಂಚ ಇಲ್ವೇನಯ್ಯಾ!" ಎಂದು ನಾನು ನಕ್ಕೆ. ಅವಳು ನಗಲಿಲ್ಲ. ನೀಲಿ ಕಾರಿನ ಪರದೆ ಅಂಗೈ ಅಗಲ; ಅದರ ಆ್ಯಪಿನ ಬಗ್ಗೆ ಅಪ್‌ಡೇಟಪ್ಪನೂ ಹೆಚ್ಚು ಮಾತಾಡಲಿಲ್ಲ. ಎರಡನ್ನೂ ಮನೆಗೆ ಒಯ್ದು ಓಡಿಸಿ ನೋಡಿ ಎಂದ.

ಮೊದಲು ಬಿಳಿಯದನ್ನು ತಂದೆವು. ಅವನು ನನ್ನ ಫೋನಿಗೂ ಆ್ಯಪ್ ಹಾಕಿಕೊಟ್ಟ. ಅವತ್ತು ಕೋತಿಗೆ ಹೆಂಡ ಕುಡಿಸಿದ ಹಾಗಾಯಿತು ನನ್ನ ಕಥೆ. ಒಂದು ಹೊಲಿಗೆ ಹಾಕುವುದು, ಒಂದು ಸಲ ಫೋನು ನೋಡುವುದು. ಸಂಜೆ ನಕ್ಷೆಯ ಮೇಲಿನ ಚುಕ್ಕೆ ಸೇತುವೆ ದಾಟಿತು. "ಅಮ್ಮಾ, ನಿನ್ನ ಸೊಸೆ ಬಂದ್ಲು!" ಎಂದು ಕೂಗಿದೆ. ನನ್ನ ಅಮ್ಮನಿಗೆ ಕಿವಿ ಮಂದ, ಟೀವಿಯನ್ನು ಬೀದಿಗೆಲ್ಲ ಕೇಳುವಂತೆ ಇಟ್ಟುಕೊಂಡಿರುತ್ತಾಳೆ. ಆದರೆ ಈ ಮಾತು ಮಾತ್ರ ಕೇಳಿಸಿತು. "ಬಂದ್ಲಾ? ನನ್ನ ಕಾಲಿಗೆ ಎಣ್ಣೆ ತಿಕ್ಕಕ್ಕೆ ಹೇಳು" ಎಂದಳು. ಸೀಟು ಒಯ್ಯಲು ಬಂದಿದ್ದ ಗಿರಾಕಿಯೂ, "ಅಕ್ಕ ಬರ್ತಾರಂತಾ? ಹಾಗಾದ್ರೆ ಬಿಪಿ ನೋಡಿಸ್ಕೊಂಡೇ ಹೋಗ್ತೀನಿ" ಎಂದು ಸ್ಟೂಲು ಎಳೆದುಕೊಂಡ.

ಚುಕ್ಕೆ ಬರಲಿಲ್ಲ. ನಮ್ಮ ಮನೆಯಿಂದ ಎರಡೇ ಬೀದಿ ಆಚೆ, ಮುಚ್ಚಿದ ಟಾಕೀಸಿನ ಹಿಂದೆ ನಿಂತುಬಿಟ್ಟಿತು. ಕಾದೆ. ಫೋನನ್ನು ಕುಲುಕಿದೆ. ಕೊನೆಗೆ ಅಪ್‌ಡೇಟಪ್ಪನಿಗೆ ಫೋನ್ ಮಾಡಿದೆ.

"ನೆಟ್‌ವರ್ಕ್ ತೊಂದರೆ ಇರಬಹುದು ಸಾರ್. ಹಾರ್ನ್ ಒತ್ತಿ ನೋಡಿ. ಹತ್ತಿರ ಇದ್ರೆ ಕೇಳಿಸುತ್ತೆ."

ಒತ್ತಿದೆ. ಎರಡು ಬೀದಿ ಆಚೆಯಿಂದ ಪೀಂ ಎಂದು ಉದ್ದಕ್ಕೆ ಕೇಳಿಸಿತು. ನಾಯಿಗಳು ಬೊಗಳಿದವು. ಖುಷಿಗೆ ಇನ್ನೊಂದು ಸಲ ಒತ್ತಿದೆ.

ಸ್ವಲ್ಪ ಹೊತ್ತಿಗೆ ಅವಳು ಬಂದಳು. ಮುಖ ಕೆಂಪಗಿತ್ತು.

"ಎಲ್ಲಿ ನಿಂತಿದ್ದೆ?"

"ಎಲ್ಲೂ ಇಲ್ಲ."

"ಫೋನಲ್ಲಿ ತೋರಿಸ್ತಲ್ಲೇ!"

"ಫೋನಿಗೇ ಗೊತ್ತಿದ್ರೆ ನನ್ನನ್ಯಾಕೆ ಕೇಳ್ತೀರಿ?" ಎಂದವಳೇ ಗಿರಾಕಿಯ ಬಿಪಿ ನೋಡಿ, ಅಮ್ಮನ ಕಾಲಿಗೆ ಎಣ್ಣೆ ತಿಕ್ಕಿ, ಅಡುಗೆಮನೆ ಸೇರಿಕೊಂಡಳು. ಮರುದಿನ ಬೆಳಿಗ್ಗೆ ಹೇಳಿದ ಮಾತೇ ನಾನು ಮೊದಲು ಹೇಳಿದ್ದು: ಅದು ನಿಮ್ಮ ಫೋನಲ್ಲಿ ಕಾಣಬಾರದು.

ಆಮೇಲೆ ನೀಲಿ ಕಾರು ಬಂತು. ದೇವರೇ, ಅದೂ ಒಂದು ಕಾರೇ? ಸೀಟು ಹಲಗೆಯ ಹಾಗಿತ್ತು. ಫೋಮಿನ ಮೇಲೆ ಬೆರಳು ಒತ್ತಿದರೆ ಕೆಳಗಿನ ತಂತಿ ಕೈಗೆ ಸಿಗುತ್ತಿತ್ತು. ಅದರ ಆ್ಯಪು ಪಾಸ್‌ವರ್ಡ್ ಕೇಳುವುದು, ಕೊಟ್ಟರೆ ತಪ್ಪು ಎನ್ನುವುದು, ಮತ್ತೆ ಕೇಳುವುದು. ಕೊನೆಗೊಮ್ಮೆ ತೆರೆದುಕೊಂಡಾಗ ಕಾರು ಕೆರೆಯ ನಡುಮಧ್ಯೆ ಇದೆ ಎಂದು ತೋರಿಸಿತು. ಕೆರೆಯಲ್ಲಿರಬೇಕಾದ ಕಾರು ನನ್ನ ಕಣ್ಣೆದುರು ಬಾಗಿಲಲ್ಲಿ ನಿಂತಿತ್ತು. ಅವಳೂ ಅವತ್ತು ಚಾರ್ಜ್ ಮಾಡಲು ಹೋಗಿ, ಪರದೆ ತೋರಿಸಿದ ಜಾಗದಲ್ಲಿ ಬರೀ ಬೀಗ ಹಾಕಿದ ಗೇಟು ಕಂಡು, ಕೇಳಿಕೊಂಡು ಇನ್ನೆಲ್ಲಿಗೋ ಹೋಗಿ, ಒಬ್ಬ ಮುದುಕಿಗೆ ಹೊತ್ತಿಗೆ ಸರಿಯಾಗಿ ಸೂಜಿ ಹಾಕಲು ಆಗದೆ ಬೈಸಿಕೊಂಡು ಬಂದಿದ್ದಳು.

"ಹೇಗಿದೆ?" ಎಂದೆ.

"ತುಂಬಾ ಚೆನ್ನಾಗಿದೆ. ಇದನ್ನೇ ತಗೊಳ್ಳೋಣ."

ನನಗೆ ತಲೆಬುಡ ಅರ್ಥವಾಗಲಿಲ್ಲ. ಇವಳು ಟೊಮೇಟೊ ಕೊಳ್ಳುವಾಗಲೂ ಒಂದೊಂದನ್ನೇ ಒತ್ತಿ ನೋಡುವವಳು. ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ಇವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಎಲ್ಲ ಸರಿಯಿರುವ ಕಾರು ಬೇಡ, ಏನೂ ಸರಿಯಿಲ್ಲದ್ದು ಬೇಕು ಎಂದರೆ ನಾನು ಏನೆಂದು ತಿಳಿಯಬೇಕು? ಮನಸ್ಸು ಮರ್ಕಟ ಎನ್ನುತ್ತಾರೆ. ನನ್ನ ಮರ್ಕಟ ನೇರವಾಗಿ ಟಾಕೀಸಿನ ಹಿಂದಕ್ಕೆ ಹಾರಿತು. ಅಲ್ಲಿ ಯಾರಿದ್ದಾರೆ?

ಮರುದಿನ ಅವಳು ನೀಲಿ ಕಾರಿನಲ್ಲೇ ಕೆಲಸಕ್ಕೆ ಹೋದ ಮೇಲೆ, ಮಧ್ಯಾಹ್ನ ಸ್ಕೂಟರು ಹತ್ತಿ ನೋಡಿಯೇ ಬರೋಣವೆಂದು ಹೋದೆ. ಒಂದು ಉದ್ದ ಗೋಡೆ, ಒಂದು ಮರ, ಮರದ ಕೆಳಗೆ ನಮ್ಮ ಹಳೆ ಕಾರು ಮನೆಯ ಮುಂದೆ ಬಿಡುವಂಥದ್ದೇ ಆಯಿಲ್ ತೊಟ್ಟಿಕ್ಕಿದ ಕಲೆ. ಒಂದಲ್ಲ, ಒಂದರ ಮೇಲೊಂದು, ನೆಲವೇ ಕಪ್ಪಾಗುವಷ್ಟು. ಮನೆಯಿಲ್ಲ, ಅಂಗಡಿಯಿಲ್ಲ, ನರಪಿಳ್ಳೆಯಿಲ್ಲ. ಯಾರಾದರೂ ಇದ್ದಿದ್ದರೆ ಜಗಳವಾದರೂ ಆಡಬಹುದಿತ್ತು. ಗೋಡೆಯ ಜೊತೆ ಏನೆಂದು ಜಗಳವಾಡುವುದು? ಬಂದ ದಾರಿಗೆ ಸುಂಕವಿಲ್ಲ ಎಂದು ವಾಪಸಾದೆ, ಹೋಗುವಾಗ ಇದ್ದದ್ದಕ್ಕಿಂತ ಹೆಚ್ಚು ಗೊಂದಲ ಹೊತ್ತುಕೊಂಡು.

ಹಳೆ ಕಾರನ್ನು ಗುಜರಿಗೆ ಕೊಡುವ ಮೊದಲು ಅದರ ಸೀಟುಗಳನ್ನು ಬಿಚ್ಚಿಟ್ಟುಕೊಳ್ಳೋಣ, ಫೋಮಾದರೂ ಉಪಯೋಗಕ್ಕೆ ಬರಲಿ ಎಂದು ಅದೇ ದಿನ ಕೈ ಹಾಕಿದೆ. ಡ್ರೈವರ್ ಸೀಟು ಯಾವಾಗಲೂ ಕೂರುವ ಜಾಗದಲ್ಲಿ ಸವೆಯುತ್ತದೆ. ಇಷ್ಟು ವರ್ಷದಲ್ಲಿ ನಾನು ನೋಡಿದ್ದೆಲ್ಲ ಹಾಗೆಯೇ. ಇವಳ ಸೀಟು ಮೇಲ್ಗಡೆ ಸವೆದಿತ್ತು. ಭುಜ ಒರಗುವ ಕಡೆ ಫೋಮು ಕುಗ್ಗಿ, ತಲೆದಿಂಬಿನಲ್ಲಿ ಗುಳಿ ಬಿದ್ದಿತ್ತು. ಸೀಟನ್ನು ಹಿಂದಕ್ಕೆ ಬಾಗಿಸುವ ಹಿಡಿ ಉಜ್ಜಿ ಉಜ್ಜಿ ಬೆಳ್ಳಗಾಗಿತ್ತು. ಪಕ್ಕದ ಸೀಟಿನ ಹಿಡಿ ಇನ್ನೂ ಹೊಸದರಂತೆ ಕಪ್ಪಗಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಇದು ಓಡಿಸುವವರ ಸೀಟಲ್ಲ, ಒರಗುವವರ ಸೀಟು.

ಸಂಜೆ ಅವಳು ಬಂದಾಗ ಆ ಸೀಟನ್ನು ಕೋಣೆಯ ನಡುವೆ ಇಟ್ಟುಕೊಂಡು ಕೂತಿದ್ದೆ. ಅವಳು ಸೀಟನ್ನು ನೋಡಿದಳು, ನನ್ನನ್ನು ನೋಡಿದಳು, ಫೋಮಿನ ರಾಶಿಯ ಮೇಲೆ ಕುಸಿದು ಕೂತಳು.

"ಟಾಕೀಸಿನ ಹಿಂದೆ ಕಾರಲ್ಲಿ ಮಲಗ್ತೀಯಾ?" ಎಂದೆ.

"ಮಲಗಲ್ಲ. ಸುಮ್ಮನೆ ಒರಗ್ತೀನಿ. ಸ್ವಲ್ಪ ಹೊತ್ತು."

"ದಿನಾ?"

"ದಿನಾ."

"ಯಾಕೆ, ಮನೆ ಎರಡು ಬೀದಿ ದೂರದಲ್ಲಿರುವಾಗ?"

"ಮನೆ ಹತ್ತಿರ ಇದೆ ಅಂತಾನೇ ರೀ." ಅವಳು ಕೈಯಲ್ಲಿದ್ದ ಬ್ಯಾಗನ್ನು ಇನ್ನೂ ಕೆಳಗಿಟ್ಟಿರಲಿಲ್ಲ. "ಬೆಳಗ್ಗೆಯಿಂದ ಎಲ್ಲರೂ ಕರೀತಾರೆ. ಸಿಸ್ಟರ್ ನೀರು, ಸಿಸ್ಟರ್ ನೋವು, ಸಿಸ್ಟರ್ ಈ ಕಡೆ ತಿರುಗಿಸಿ. ಇಲ್ಲಿಗೆ ಬಂದ್ರೆ ನಿಮ್ಮ ಮೆಷಿನ್ನು, ಅತ್ತೆ ಟೀವಿ, ಬಿಪಿ ನೋಡಿ ಅನ್ನೋ ನಿಮ್ಮ ಗಿರಾಕಿಗಳು. ಈ ಬಾಗಿಲು ದಾಟೋ ಮುಂಚೆ ಒಂದು ಚೂರು ಹೊತ್ತು ಯಾರೂ ನನ್ನ ಕರೀಬಾರದು. ಅಷ್ಟೇ."

"ಅಷ್ಟೇನಾ?"

"ಅಷ್ಟೇ. ನೀವು ಹಾರ್ನ್ ಹೊಡೆದಾಗ ಎದೆ ಒಡೆದುಹೋಯ್ತು ನನಗೆ. ಅಲ್ಲಿಗೂ ಬಂದ್ರಲ್ಲಪ್ಪ ಅನ್ನಿಸ್ತು."

"ನನಗೆ ಒಂದು ಮಾತು ಹೇಳಬಹುದಿತ್ತಲ್ಲೇ."

"ಹೇಳಿದ್ರೆ ನೀವು ಫ್ಲಾಸ್ಕಲ್ಲಿ ಟೀ ತುಂಬ್ಕೊಂಡು ಅಲ್ಲಿಗೇ ಬಂದು ಕೂತ್ಕೋತಿದ್ರಿ."

ಬರುತ್ತಿದ್ದೆ. ಸುಳ್ಳು ಯಾಕೆ ಹೇಳಲಿ, ಖಂಡಿತ ಬರುತ್ತಿದ್ದೆ. ಹೆಂಡತಿ ದಣಿದಿದ್ದಾಳೆ ಎಂದು ಟೀ ಒಯ್ಯುವುದು ತಪ್ಪೇ? ಕೇಳಬಾರದೆಂದುಕೊಂಡರೂ ನಾಲಿಗೆ ಕೇಳಿಯೇಬಿಟ್ಟಿತು: "ಹಾಗಾದ್ರೆ ನನ್ನಿಂದ ತಪ್ಪಿಸ್ಕೊಳ್ಳೋಕೆ ಅಲ್ಲಿ ನಿಲ್ತೀಯಾ?"

"ನಿಮ್ಮಿಂದ ಅಂತಲ್ಲ" ಎಂದಳು. ಆಮೇಲೆ ಬ್ಯಾಗನ್ನು ಕೆಳಗಿಟ್ಟು, ನಿಧಾನವಾಗಿ, "ನಿಮ್ಮಿಂದಾನೂ" ಎಂದಳು.

ಸಿಟ್ಟು ಬರಬೇಕಿತ್ತು. ಬರಲಿಲ್ಲ. ತಲೆದಿಂಬಿನ ಗುಳಿಯನ್ನು ಅಂಗೈಯಿಂದ ಸವರಿದೆ.

"ನಿಜ ಹೇಳು. ಯಾವ ಕಾರು ಬೇಕು ನಿನಗೆ?"

"ಬಿಳಿದು" ಎಂದಳು ತಕ್ಷಣ. "ಆ ಬಟನ್ ಇದೆಯಲ್ಲ, ನಿಂತ ಮೇಲೂ ಗಾಳಿ ಬರುತ್ತೆ. ಈ ಹಳೇದ್ರಲ್ಲಿ ಬೇಸಿಗೇಲಿ ಬೆಂದುಹೋಗ್ತಿದ್ದೆ. ಚಾರ್ಜಿಗೂ ಅಲೆಯೋ ಹಾಗಿಲ್ಲ. ಆದ್ರೆ ಅದು ನಿಮ್ಮ ಫೋನಲ್ಲಿ ಇರುತ್ತೆ ಅಂದ್ರೆ ನನಗೆ ನೀಲಿದೇ ಸಾಕು."

"ಎಲ್ಲಾದ್ರೂ ಕೆಟ್ಟು ನಿಂತ್ರೆ? ನನಗೆ ಭಯ ಆಗುತ್ತೆ ಕಣೇ."

"ಗೊತ್ತು" ಎಂದಳು. ಒಳಗಿನಿಂದ ಅಮ್ಮ ಕರೆದಳು, ಅವಳು ಎದ್ದು ಹೋದಳು.

ಶೋರೂಮಿಗೆ ಹೋಗುವ ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ನನ್ನ ಭಯ ದೊಡ್ಡದೋ, ಅವಳ ಆ ಚೂರು ಹೊತ್ತು ದೊಡ್ಡದೋ? ಭಯ ನನ್ನದು, ಅದನ್ನು ಅವಳ ಕಾರಿಗೆ ಯಾಕೆ ಕಟ್ಟಬೇಕು ಎಂದು ಒಮ್ಮೆ ಅನ್ನಿಸಿತು. ಇಷ್ಟು ವರ್ಷ ಸಂಸಾರ ಮಾಡಿದವನಿಂದ ಬಚ್ಚಿಟ್ಟುಕೊಳ್ಳುವಂಥದ್ದೇನು ಎಂದು ಇನ್ನೊಮ್ಮೆ ಅನ್ನಿಸಿತು. ಬಾಗಿಲು ತಲುಪಿದರೂ ಲೆಕ್ಕ ಕೂಡಿಬರಲಿಲ್ಲ.

ಬಿಳಿಯದೇ ಎಂದು ಹೇಳಿದೆವು. ಅಪ್‌ಡೇಟಪ್ಪ ಕುಣಿಯುತ್ತ ಬಂದ. "ಓನರ್ ಖಾತೆಗೆ ನಿಮ್ಮ ನಂಬರ್ ಹೇಳಿ ಸಾರ್."

ನಾನು ಅವಳ ನಂಬರು ಹೇಳಿದೆ.

"ಇದು ಮೇಡಂದಲ್ವಾ ಸಾರ್?"

"ಓಡಿಸೋದು ಅವಳೇ ಅಲ್ವೇನಯ್ಯಾ?"

"ಸರಿ ಸಾರ್. ಲೊಕೇಶನ್ ಒಂದನ್ನೇ ಮುಚ್ಚೋದು ಮುಂದಿನ ಅಪ್‌ಡೇಟಲ್ಲಿ ಬರುತ್ತೆ. ಈಗ ನಿಮ್ಮ ಫೋನಿಗೂ ಹಾಕಿದ್ರೆ ಕಾರು ಎಲ್ಲಿದೆ ಅನ್ನೋದೂ ಸೇರಿ ಎಲ್ಲಾನೂ ಕಾಣುತ್ತೆ." ಅವಳ ಕಡೆ ತಿರುಗಿದ. "ಮೇಡಂ, ಕುಟುಂಬದವರು ಅಂತ ಸಾರ್‌ನ ಸೇರಿಸಲಾ?"

ನನ್ನೊಳಗೆ ಒಂದು ಆಸೆ ಇತ್ತು, ಈಗ ಒಪ್ಪಿಕೊಳ್ಳುತ್ತೇನೆ. ನಾನೇ ಇಷ್ಟು ದೊಡ್ಡ ಮನಸ್ಸು ಮಾಡಿ ಬಿಟ್ಟುಕೊಟ್ಟಿದ್ದೇನೆ. ಇನ್ನು ಅವಳು ಕರಗಿ, ಇರಲಿ, ಅವರ ಫೋನಿಗೂ ಹಾಕಿ ಎನ್ನುತ್ತಾಳೆ ಎಂದುಕೊಂಡಿದ್ದೆ. ಫೋನನ್ನು ಆಗಲೇ ಜೇಬಿನಿಂದ ಹೊರಗೆ ತೆಗೆದಿದ್ದೆ. ಅವಳು ನನ್ನ ಕೈಯಲ್ಲಿದ್ದ ಫೋನನ್ನೂ ನೋಡಿದಳು.

"ಬೇಡ" ಎಂದಳು.

ಅಪ್‌ಡೇಟಪ್ಪ ಪೆಚ್ಚುಪೆಚ್ಚಾಗಿ ನಕ್ಕ. ನಾನೂ ನಕ್ಕೆ. ಫೋನನ್ನು ಜೇಬಿಗೆ ಹಾಕಿಕೊಳ್ಳುವಾಗ ಕೆನ್ನೆಗೆ ಹೊಡೆಸಿಕೊಂಡವನ ಹಾಗೆ ಮುಖ ಬಿಸಿಯಾಗಿತ್ತು.

ಕಾರು ಕೈಗೆ ಬಂದ ದಿನ ಇಬ್ಬರೂ ಅದರಲ್ಲೇ ಮನೆಗೆ ಹೊರಟೆವು. ಟಾಕೀಸಿನ ತಿರುವು ಬಂದಾಗ, "ಇಲ್ಲೇ ಇಳಿಸು" ಎಂದೆ. "ನಾನು ನಡ್ಕೊಂಡು ಹೋಗ್ತೀನಿ. ನೀನು ನಿಧಾನಕ್ಕೆ ಬಾ."

ಬಾಯಿಮಾತಿಗಾದರೂ ಬೇಡ ಎನ್ನಬಹುದಿತ್ತು. ಕಾರು ನಿಲ್ಲಿಸಿ, ನನ್ನ ಮೊಣಕೈಯನ್ನೊಮ್ಮೆ ಹಿಡಿದು ಬಿಟ್ಟಳು. ಇಳಿದು ನಡೆದೆ. ತಿರುಗಿ ನೋಡಬೇಕೆಂದು ಕುತ್ತಿಗೆ ಎಳೆಯುತ್ತಿತ್ತು, ನೋಡಲಿಲ್ಲ.

ಮನೆಯಲ್ಲಿ ಅಮ್ಮ ಬಾಗಿಲಿಗೇ ಬಂದು ನಿಂತಿದ್ದಳು. "ಕಾರೆಲ್ಲೋ? ಇವಳೆಲ್ಲೋ?"

"ಬರ್ತಾಳೆ."

"ಯಾವಾಗ? ಎಲ್ಲಿದ್ದಾಳೆ?"

ಎರಡು ಬೀದಿ ಆಚೆ, ಒಂದು ಗೋಡೆಯ ಪಕ್ಕ, ಬಾಗಿಲು ಹಾಕಿಕೊಂಡು, ನಾನಿಲ್ಲದೆ ಸುಖವಾಗಿದ್ದಾಳೆ. ಇದನ್ನು ಅಮ್ಮನ ಕಿವಿಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಗೆ ಹೇಳುವುದು? ನನಗೆ ನಾನೇ ಮೆಲ್ಲಗೆ ಹೇಳಿಕೊಳ್ಳಲೂ ಆಗುತ್ತಿರಲಿಲ್ಲ.

"ಗೊತ್ತಿಲ್ಲಮ್ಮ" ಎಂದೆ.