ಕಾಚಿನ ಹೆಬ್ಬೆಟ್ಟು

ನಲಿನಿ ಹಿತ್ತಲ ಕಟ್ಟೆಯ ಮೇಲೆ ಕುಳಿತು ಅಳತೆಯ ಟೇಪು ಒರೆಸುತ್ತಿದ್ದಳು. ತೊಗಲಿನ ಡಬ್ಬಿಯಿಂದ ಅರಿವೆಯ ಪಟ್ಟಿಯನ್ನು ಒಂದೊಂದೇ ಮೊಳ ಹೊರಗೆಳೆಯುವುದು, ಒದ್ದೆ ಬಟ್ಟೆಯಿಂದ ತಿಕ್ಕುವುದು, ಮಡಿಲಿಗೆ ಬಿಡುವುದು. ಇದು ಯಾರೂ ಹೇಳಿದ ಕೆಲಸವಲ್ಲ. ಸೋದರಮಾವ ಬರುತ್ತಾನೆ, ಬಂದವನು ಟೇಪು ಕೇಳಿದರೆ ಧೂಳು ತಿಂದದ್ದನ್ನು ಹೇಗೆ ಕೊಡುವುದು ಎಂದು ತಾನೇ ಹಚ್ಚಿಕೊಂಡದ್ದು. ಒಳಗೆ ಅವ್ವ ಶಾರದಾಬಾಯಿ ಅಣ್ಣನಿಗೆಂದು ಜೋಳದ ಹಿಟ್ಟು ನಾದುತ್ತಿದ್ದಳು. ಅಪ್ಪ ಬಂಡೆಪ್ಪ ಫ್ಯಾಕ್ಟರಿಗೆ ರಜೆ ಹಾಕಿ ಹೊಸ್ತಿಲಲ್ಲಿ ನಿಂತಿದ್ದ.

ಬಾವಿಯ ಪಕ್ಕ ಹತ್ತು ಕಲ್ಲುಕಂಬಗಳು ಬಿದ್ದಿದ್ದವು. ನಿನ್ನೆ ಸಂಜೆ ಬಂಡಿಯವನೊಬ್ಬ ಇಳಿಸಿಹೋಗಿದ್ದ. ಯಾಕೆಂದು ಕೇಳಿದರೆ, ಇಲ್ಲಿ ಬೇಲಿ ಬರುತ್ತದೆ, ಬಾವಿ ನಿಮ್ಮದಲ್ಲವಂತೆ, ನಾಳೆ ಅಳೆಯುವವರು ಬರುತ್ತಾರೆ ಎಂದು ತೆಲುಗಿನಲ್ಲಿ ಹೇಳಿ ಎತ್ತು ಹೊಡೆದುಕೊಂಡು ಹೋಗಿದ್ದ. ಅವ್ವ ನಕ್ಕುಬಿಟ್ಟಿದ್ದಳು. "ಅಳದು ಕೊಟ್ಟಾವ ನಮ್ಮಣ್ಣ. ಅವ ಬಂದು ಹೇಳಿದ್ರ ಎಲ್ಲಾರ ಬಾಯಿ ಮುಚ್ಚತಾವ." ರಾತ್ರಿಯೇ ಮಾವನಿಗೆ ಹೇಳಿಕಳಿಸಿದ್ದರು.

ಈ ಮನೆ ಕೊಂಡದ್ದೇ ಆ ಬಾವಿಗಾಗಿ. ಮೊದಲು ಅವರು ದಿಲ್‌ಸುಖ್‌ನಗರದ ಬಾಡಿಗೆ ಮನೆಯಲ್ಲಿದ್ದರು. ಬಂಡೆಪ್ಪನ ಫ್ಯಾಕ್ಟರಿ ಪಟಾನ್‌ಚೆರುವಿನಲ್ಲಿ. ಊರಿನ ಆ ತುದಿಯಿಂದ ಈ ತುದಿಗೆ ಎರಡು ಬಸ್ಸು ಬದಲಿಸಿ ಹೋಗಿಬರುವುದರಲ್ಲಿ ಅವನ ಅರ್ಧ ಆಯುಷ್ಯ ಸವೆದಿತ್ತು. ಇತ್ತ ಹನ್ನೊಂದು ಮನೆಗೆ ಒಂದೇ ನಲ್ಲಿ. ಅವ್ವನ ಸೊಂಟ ಹಿಡಿದಾಗ ಕೊಡ ಹೊರಲೆಂದು ನಲಿನಿ ಏಳನೆಯ ತರಗತಿಗೆ ಶಾಲೆ ಬಿಟ್ಟಳು. ಬಿಟ್ಟದ್ದು ಬಿಟ್ಟೇ ಹೋಯಿತು. ಹಾಗಿರುವಾಗ ಒಂದು ದಿನ ಮಾವ ಶಾಂತಪ್ಪ ಬಂದು, ಪಟಾನ್‌ಚೆರು ದಾಟಿದರೆ ಚಿಂತಕುಂಟ, ಅಲ್ಲೊಂದು ಮನೆ ಮಾರಾಟಕ್ಕಿದೆ, ಹಿತ್ತಲಲ್ಲಿ ಸಿಹಿನೀರಿನ ಬಾವಿ ಎಂದ. ಫ್ಯಾಕ್ಟರಿ ಬದಿಯ ಬಾವಿಗಳೆಲ್ಲ ಕೆಟ್ಟು ಕೂತಿದ್ದ ಕಾಲದಲ್ಲಿ ಸಿಹಿನೀರೆಂದರೆ ಕೇಳಬೇಕೆ? ಮಾವನಾದರೋ ಮೂವತ್ತು ವರ್ಷ ಅಳತೆಯ ಸರಪಳಿ ಎಳೆದವನು. "ಹೊರಗಿನವ ಯಾಕ ಬೇಕು, ನಾನs ಅಳದು ಕೊಡ್ತೀನಿ" ಎಂದ. ಮನೆಯವನೇ ಇರುವಾಗ ಪರರನ್ನು ಕರೆಯುವುದು ಅಪನಂಬಿಕೆಯ ಮಾತಾಗುತ್ತಿತ್ತು.

ಅಳೆದ ದಿನ ನಲಿನಿಗೆ ಕಣ್ಣಿಗೆ ಕಟ್ಟಿದಂತಿತ್ತು. ಟೇಪಿನ ತುದಿಯ ಹಿತ್ತಾಳೆ ಬಳೆಯನ್ನು ಅವಳ ಕೈಗೆ ಕೊಟ್ಟು, ಬಾವಿಯ ಆಚೆ ಗಡಿಗೆ ನೆಟ್ಟಿದ್ದ ಬಾಂದುಕಲ್ಲಿನ ಮೇಲೆ ಹಿಡಿ ಎಂದು ಮಾವ ಹೇಳಿದ. ತಾನು ಡಬ್ಬಿ ಬಿಚ್ಚುತ್ತ ಮನೆಯ ಪಕ್ಕದ ಸಂದಿಯಲ್ಲಿ ಬೀದಿಯ ಗೋಡೆಯವರೆಗೆ ಹೋದ. ಅವ್ವ ಬಾವಿಯ ಹತ್ತಿರವೇ ನಿಂತು ಮೊದಲ ಕೊಡ ಸೇದಿ ಬೊಗಸೆಯಲ್ಲಿ ಕುಡಿದು, "ಸಕ್ಕರಿ ಆಗೈತಿ ನೀರು" ಎಂದಳು. ನಲಿನಿಯ ಕೈ ನೋಡಿ ನಕ್ಕಳು. "ಗಟ್ಟಿ ಹಿಡಿಯವಾ, ಬಾವಿ ಓಡಿಹೋದೀತು." ಅಷ್ಟರಲ್ಲಿ ಸಂದಿಯ ಆ ಕಡೆಯಿಂದ ಮಾವನ ದನಿ ಬಂತು: "ಅರವತ್ತು!" ಕಟ್ಟೆಯ ಮೇಲೆ ಮನೆಯ ಕ್ರಯದ ಕಾಗದ ಹಿಡಿದು ಕುಳಿತಿದ್ದ ಅಪ್ಪ, "ಇದರಾಗೂ ಅರವತ್ತು!" ಎಂದು ಕೂಗಿದ. ಕಾಗದವೂ ಟೇಪೂ ತಾಳೆಯಾದವು. ಮಾವ ಪಟ್ಟಿ ಸುತ್ತಿ ಡಬ್ಬಿಯನ್ನು ನಲಿನಿಯ ಕೈಗಿಟ್ಟು, "ಕಲ್ಲಿನಂಥ ಕೈ ನಮ್ಮ ಕೂಸಿಂದು. ಇದು ನಿನಗs ಇರಲಿ" ಎಂದ. ಯಾರಾದರೂ ಅವಳಿಗೆಂದೇ ಏನನ್ನಾದರೂ ಕೊಟ್ಟದ್ದು ಅದೇ ಮೊದಲು.

ಆಮೇಲೆ ಆರು ತಿಂಗಳು ಆ ಟೇಪು ಗೂಡಿನಲ್ಲಿತ್ತು. ಕಿಟಕಿಯ ಪರದೆಗೆಂದು ನಾಲ್ಕಾರು ಅಡಿ ಎಳೆದದ್ದು ಬಿಟ್ಟರೆ ಪೂರ್ತಿ ಬಿಚ್ಚಿದವರಿಲ್ಲ. ಈಗ ಒರೆಸುತ್ತ ಒರೆಸುತ್ತ ಅರವತ್ತರ ಅಂಕಿ ಬಂತು, ಹೋಯಿತು. ಎಪ್ಪತ್ತೈದರ ಮೇಲೆ ಅವಳ ಕೈ ನಿಂತಿತು. ಅಲ್ಲೊಂದು ಕೆಂಪು ಕಲೆ. ತಿಕ್ಕಿದಳು. ಹೋಗಲಿಲ್ಲ. ಬೆಳಕಿಗೆ ಹಿಡಿದರೆ ಹೆಬ್ಬೆಟ್ಟಿನ ಗೆರೆಗಳೂ ಕಾಣುತ್ತಿದ್ದವು. ವೀಳ್ಯದೆಲೆಗೆ ಕಾಚು ಹಚ್ಚಿ ಹಚ್ಚಿ ಸದಾ ಕೆಂಪಾಗಿರುವ ಹೆಬ್ಬೆಟ್ಟು ಅವರ ಬಳಗದಲ್ಲಿ ಒಬ್ಬನದೇ. ಅಂದು ಪಟ್ಟಿಯನ್ನು ಬಿಗಿಯಾಗಿ ಒತ್ತಿ ಹಿಡಿದು ಅಂಕಿ ಓದಿದವನೂ ಅವನೊಬ್ಬನೇ. ಬೆರಳಿದ್ದದ್ದು ಎಪ್ಪತ್ತೈದರ ಮೇಲೆ, ಬಾಯಿಂದ ಬಂದದ್ದು ಅರವತ್ತು.

ಹೇಳಬೇಕೆಂದು ಅವಳು ಏಳುವಷ್ಟರಲ್ಲಿ ಬಾಗಿಲಲ್ಲಿ ಮಾವನ ಕೆಮ್ಮು ಕೇಳಿತು.

ಅವನ ಹಿಂದೆ ಸರ್ವೇಯರ್, ಸರಪಳಿಯ ಇಬ್ಬರು ಆಳು. ಬಂದಾಗಲೆಲ್ಲ ಮೊದಲು ಬಾವಿಯ ನೀರು ಕೇಳುತ್ತಿದ್ದ ಮಾವ ಇಂದು ಕೇಳಲಿಲ್ಲ.

"ಚಾ ಮಾಡ್ಲಿ ಏನಣ್ಣ?"

"ಕೆಲಸ ಮುಗೀಲಿ ತಡಿಯವಾ."

ಬೀದಿಯ ಗೋಡೆಯಿಂದ ಸರಪಳಿ ಹರಿದು ಬಂದು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತಿತು. "ಸಾಠ್ ಫೀಟ್. ಬಸ್" ಎಂದ ಸರ್ವೇಯರ್, ಅರವತ್ತಕ್ಕೆ ಮುಗಿಯಿತೆಂಬಂತೆ.

"ಇನ್ನೂ ಮುಂದ ಐತ್ರೀ ಸಾಹೇಬ್ರ" ಎಂದ ಬಂಡೆಪ್ಪ. "ಬಾವಿ ದಾಟಿ, ಆ ಕಲ್ಲಿನತನ ನಮ್ದು."

ಸರ್ವೇಯರ್ ಕಾಗದ ತಿರುವಿ, ಆಚೆಯ ಹದಿನೈದು ಅಡಿ ಬಾವಿ ಸಮೇತ ಬೇರೆಯವರಿಗೆ ಮಾರಾಟವಾಗಿದೆ ಎಂದು ಹೇಳಿ ಹೆಸರು ಓದಿದ. "ಪಾರ್ವತಿಬಾಯಿ, ಗಂಡ ಶಾಂತಪ್ಪ."

ಅವ್ವನ ಕೈಗೆ ಹಿಟ್ಟು ಮೆತ್ತಿಕೊಂಡೇ ಇತ್ತು. "ಪಾರ್ವತಿಬಾಯಿ? ನಮ್ಮ ಅತ್ತಿಗೀನ?"

"ಕಂಡವರ ಪಾಲಾಗೂದು ಬ್ಯಾಡಂತ ಆಕಿ ಹೆಸರಿಗೆ ಬರಸೀನಿ" ಎಂದ ಮಾವ, ಕಂಬಗಳ ಕಡೆ ನೋಡುತ್ತ. "ಬಾವಿ ಮನಿಯಾಗs ಉಳೀತಲ್ಲ."

"ಯಾರ ಮನಿಯಾಗಣ್ಣ?"

"ಮತ್ತ ಬೇಲಿ ಯಾರ ಸಲುವಾಗಿ?" ಎಂದ ಬಂಡೆಪ್ಪ. "ತಂಗಿ ದನದಂಗ ನುಗ್ಗಿ ನೀರು ಕುಡದಾಳಂತನೋ?"

"ಟ್ಯಾಂಕರಿನವರಿಗೆ ಮಾತು ಕೊಟ್ಟೀನಿ, ಅವರು ಬೇಲಿ ಕೇಳತಾರ. ನಿಮಗ ದಿನಾ ಎರಡು ಕೊಡ ಬ್ಯಾಡಂತ ಯಾರಂದಾರು?"

"ಅಂದು ಬಾವಿ ಹಿಡದು ಅರವತ್ತಂತ ಓದಿದವರು ನೀವs ಅಲ್ರಿ?" ಎಂದ ಬಂಡೆಪ್ಪ.

ಶಾಂತಪ್ಪನ ಕಣ್ಣು ಹಿತ್ತಲೆಲ್ಲ ಸುತ್ತಿ ಕೊನೆಗೆ ನಲಿನಿಯ ಮೇಲೆ ಬಂದು ಕುಳಿತಿತು.

"ಓದಿದವ ನಾನು, ಖರೆ. ಈ ಕಡೆ ಹಿತ್ತಾಳಿ ಬಳಿ ಹಿಡದಾಕಿ ಯಾರು? ನಿಮ್ಮ ಮಗಳು. ಒಗಿಯೂ ಕಲ್ಲಿನ ಮ್ಯಾಲ ಹಿಡದು ನಿಂತಿದ್ದಳೋ ಏನೋ, ಸಂದಿಯೊಳಗಿಂದ ನನಗ ಕಾಣತಿತ್ತೇನು? ಪಾಪ, ಸಾಲಿ ಬಿಟ್ಟ ಹುಡಿಗಿ, ಆಕಿಗೇನ ತಿಳೀಬೇಕು."

ಎಲ್ಲರೂ ಅವಳ ಕಡೆ ತಿರುಗಿದರು. ನಲಿನಿ ಅವ್ವನನ್ನು ನೋಡಿದಳು. ಅಂದು ಮಾರು ದೂರದಲ್ಲಿ ನಿಂತು ಅವಳ ಕೈಯನ್ನೇ ನೋಡಿ ನಕ್ಕವಳು ಅವ್ವ. ಒಂದು ಮಾತು ಆಡಿದರೆ ಸಾಕಿತ್ತು.

ಶಾರದಾಬಾಯಿ ಬೆರಳಿಗಂಟಿದ ಹಿಟ್ಟನ್ನು ಕೆರೆಯುತ್ತ ನಿಂತಳು. ತವರೆಂದು ಅವಳಿಗೆ ಉಳಿದದ್ದು ಈ ಒಬ್ಬ ಅಣ್ಣ. "ಇದ್ದೀತು ಬಿಡ್ರಿ" ಎಂದಳು ನೆಲ ನೋಡುತ್ತ. "ಸಣ್ಣಾಕಿ. ಕೈ ತಪ್ಪಿದ್ದೀತು."

ಬಂಡೆಪ್ಪ ಹೆಂಡತಿಯ ಮುಖ ನೋಡಿದ, ಮಗಳ ಮುಖ ನೋಡಿದ. ಆಮೇಲೆ ತಲೆಗೆ ಸುತ್ತಿದ ಟವೆಲ್ ಬಿಚ್ಚಿ ಹೆಗಲಿಗೆ ಹಾಕಿಕೊಂಡ.

ನಲಿನಿ ಮಡಿಲ ಟೇಪನ್ನು ಎತ್ತಿಕೊಂಡು ಬಂದಳು. ಡಬ್ಬಿಯನ್ನು ಅವ್ವನ ಕಾಲ ಹತ್ತಿರ ಇಟ್ಟಳು, ಕೆಂಪು ಕಲೆ ಮೇಲೆ ಬರುವಂತೆ. ಹಿತ್ತಾಳೆ ಬಳೆ ಹಿಡಿದು ಕಲ್ಲುಕಂಬ ದಾಟಿ, ಬಾವಿ ದಾಟಿ, ಬಾಂದುಕಲ್ಲಿನ ಬಳಿ ಕುಕ್ಕರಗಾಲಲ್ಲಿ ಕುಳಿತು ಅಂದು ಹಿಡಿದಲ್ಲೇ ಹಿಡಿದಳು. ಇಷ್ಟು ಜನರ ಮುಂದೆ ಅವಳು ಅದುವರೆಗೆ ಬಾಯಿ ತೆರೆದದ್ದೇ ಇರಲಿಲ್ಲ.

"ನಾ ಹಿಡದದ್ದು ಇಲ್ಲೇ. ಮಾಮಾ, ಡಬ್ಬಿ ಒಯ್ದು ಗ್ವಾಡಿಗೆ ಹಚ್ರಿ. ಅಂಕಿ ಇನ್ನೊಮ್ಮೆ ಓದ್ರಿ."

ಶಾಂತಪ್ಪ ಎಲೆಯ ಚೀಲಕ್ಕೆ ಕೈ ಹಾಕಿದ. ಸರ್ವೇಯರ್ ಆಳುಗಳಿಗೆ ಕಂಬ ತೋರಿಸಿ, ಹುಗಿಯಲು ಸನ್ನೆ ಮಾಡಿದ.

"ಅವ್ವಾ" ಎಂದಳು ನಲಿನಿ, "ನೀನರ ಬಾ. ಆ ತುದಿ ಒಂದೀಟು ಹಿಡಿ."

ಯಾರೂ ಬಾಗಿ ಡಬ್ಬಿ ಎತ್ತಲಿಲ್ಲ.